ಗುಡಾಣದೊಳಗಿನ ಊರು

"ಕೇಳ್ರಪ್ಪೋ ಕೇಳಿ! ಗುಡಾಣದವ್ವ ಮೂರು ಒಗಟು ಹಾಕಿದ್ದಾಳೆ. ಮೂರನ್ನೂ ಬಿಡಿಸಿದವರಿಗೆ ಅರಸರು ಕೇಳಿದ್ದು ಕೊಡುತ್ತಾರೆ. ಒಂದು ತಪ್ಪಿದರೂ ಆ ಜೀವ ಗುಡಾಣದ ಪಾಲು. ಮನೆಯವರು ಎಳ್ಳುನೀರು ಬಿಟ್ಟುಬಿಡಿ!"

ನೀರ್ಗಲ್ಲು ಪಟ್ಟಣದ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆದರು. ಗುಡಾಣ ಅಂದರೆ ಅರಮನೆಯ ಹಿತ್ತಿಲಲ್ಲಿ ಕತ್ತಿನವರೆಗೆ ಹೂತಿಟ್ಟ, ಆನೆ ಮಲಗುವಷ್ಟು ದೊಡ್ಡ ಮಣ್ಣಿನ ಮಡಕೆ. ಊರಿನ ಕೊಳೆನೀರೆಲ್ಲ ಅದರೊಳಗೆ ಹೋಗಿ, ಆಚೆಯ ತೂಬಿನಲ್ಲಿ ಎಳನೀರಿನ ಹಾಗೆ ತಿಳಿಯಾಗಿ ಇಳಿಯುತ್ತಿತ್ತು. ಒಳಗೆ ಏನು ನಡೆಯುತ್ತದೋ, ಬಗ್ಗಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಆ ವರ್ಷ ನೀರು ಕಪ್ಪಗೆ ಬಂತು. ಕುಡಿದ ಕೂಸುಗಳು ಕಣ್ಣು ಮುಚ್ಚಿದವು. ಆಮೇಲೆ ಗುಡಾಣವೇ ಬಾಯಿಬಿಟ್ಟು ಮಾತಾಡಿತು. ಒಂದು ದನಿಯಲ್ಲ, ಸಾವಿರ ದನಿ ಒಟ್ಟಿಗೆ ಪಿಸುಗುಟ್ಟಿದ ಹಾಗೆ.

ಬತ್ತ ಕುಟ್ಟಿ ಬದುಕುತ್ತಿದ್ದ ಕೆಂಚಿಗೆ ತನ್ನವರು ಅಂತ ಇದ್ದವನು ಅಣ್ಣ ಕರಿಸಿದ್ದ ಒಬ್ಬನೇ. ಒಗಟು ಬಿಡಿಸುತ್ತೇನೆ ಅಂತ ಹೋದವನು ತಿರುಗಿ ಬರಲಿಲ್ಲ. ಎಳ್ಳುನೀರು ಬಿಡು ಅಂದರು ಓಣಿಯವರು. "ಹೆಣ ಕಾಣದೆ ಹೆಂಗೆ ಬಿಡಲಿ?" ಅಂದವಳೇ ಕೆಂಚಿ ಅರಮನೆಗೆ ನಡೆದಳು.

ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಕಾವಲಿಗೆ ಒಂದು ನಾಯಿಯೂ ಇಲ್ಲ. ಗೋಡೆಗೆ ಒರಗಿ ಕರಿಸಿದ್ದ ಕೂತಿದ್ದ, ಎಲುಬು ಎಣಿಸುವ ಹಾಗೆ. ಪಕ್ಕದಲ್ಲಿ ಸೆಟ್ಟರ ಮಗ ಪದುಮಯ್ಯ, ಕಣ್ಣು ಕೆಂಡವಾಗಿ.

"ಅಣ್ಣಯ್ಯ, ಏಳು. ಬಾಗಿಲು ತೆಗೆದೇ ಇದೆ."

"ಬರಲಾರೆ ಕಣವ್ವ. ಒಗಟಿನಲ್ಲಿ ತಪ್ಪಿದೆ, ಗುಡಾಣದವ್ವ ನನ್ನ ಹಸಿವು ಕಿತ್ತುಕೊಂಡಳು. ಮುದ್ದೆ ಕಂಡರೆ ಕಲ್ಲು ಕಂಡಂಗಾಗ್ತದೆ. ಈ ಸೆಟ್ಟಿ ಉಣ್ಣೋದು ನೋಡಿದರೆ ಮಾತ್ರ ನನಗೂ ಒಂದು ತುತ್ತು ಇಳೀತದೆ."

"ನನ್ನ ನಿದ್ದೆ ಕಿತ್ತುಕೊಂಡಳು," ಅಂದ ಪದುಮಯ್ಯ. "ನಿಮ್ಮಣ್ಣನ ಉಸಿರು ಕೇಳುತ್ತಿದ್ದರೇನೇ ರೆಪ್ಪೆ ಕೂಡೋದು. ಇವನನ್ನ ಎಬ್ಬಿಸಿಕೊಂಡು ಹೋದರೆ ಇಬ್ಬರ ಹೆಣವನ್ನೂ ನೀನೇ ಹೊರಬೇಕು ತಂಗಿ."

ಅಷ್ಟರಲ್ಲಿ ಒಗಟು ಬಿಡಿಸಲು ಭರಮ ಜಟ್ಟಿ ಮೀಸೆ ತಿರುವುತ್ತಾ ಬಂದ. ಹಿಂದೆ ಅರಸನೂ ಬಂದು ದೂರದಲ್ಲೇ ನಿಂತ. ಗುಡಾಣದ ಬಾಯಲ್ಲಿ ಗುಳ್ಳೆ ಎದ್ದಿತು.

"ಒಂದು ಊರು. ಅಲ್ಲಿ ಒಲೆ ಇಲ್ಲ. ಒಬ್ಬ ಉಂಡು ಬಿಟ್ಟ ಎಂಜಲೇ ಮತ್ತೊಬ್ಬನಿಗೆ ಹಬ್ಬದೂಟ, ಅವನು ಬಿಟ್ಟದ್ದು ಮಗದೊಬ್ಬನಿಗೆ. ಯಾವುದು ಆ ಊರು?"

"ಧರ್ಮಛತ್ರ ಅಂದು ನಾನು ಕೆಟ್ಟೆ," ಅಂತ ಪದುಮಯ್ಯ ಗೊಣಗಿದ.

ಜಟ್ಟಿ ನಕ್ಕ. "ಏ ಮಡಕೆ, ನಿನ್ನ ಹೊಟ್ಟೇಲಿ ಗುಜುಗುಜು ಅಂತಾ ಇದೆಯಲ್ಲ, ಅದೇ ಇರಬೇಕು, ಹೋಗು!"

"ಸರಿ," ಅಂದಿತು ಗುಡಾಣ. ಜಟ್ಟಿಗೇ ಅಚ್ಚರಿ. "ಎರಡನೇದು ಕೇಳು. ಆ ಊರಿನವರನ್ನೆಲ್ಲ ಓಡಿಸಿ, ಬಲಶಾಲಿ ಒಬ್ಬನಿಗೇ ಊರು ಕೊಟ್ಟರು. ತಿಂದಷ್ಟೂ ಊಟ. ಹಗೆ ಇಲ್ಲ, ರೋಗ ಇಲ್ಲ. ಆದರೂ ಸತ್ತ. ಕೊಂದವರು ಯಾರು?"

"ಬಲಶಾಲೀನ ಕೊಲ್ಲೋನು ಅವನಿಗಿಂತ ಬಲಶಾಲಿ!"

ಗುಡಾಣ ಒಮ್ಮೆ ಉಸಿರೆಳೆದುಕೊಂಡಿತು, ಅಷ್ಟೆ. ಜಟ್ಟಿಯ ಮೈಯ ಕಾವೆಲ್ಲ ಇಳಿದು, ತುಟಿ ನೀಲಿಯಾಯಿತು. ಉರಿಬಿಸಿಲಲ್ಲಿ ಗಡಗಡ ನಡುಗುತ್ತಾ ಹೋಗಿ ಕರಿಸಿದ್ದನಿಗೆ ಅಂಟಿಕೊಂಡು ಕೂತ. ಅಂಟಿಕೊಂಡರೆ ಬೆಚ್ಚಗೆ, ಬಿಟ್ಟರೆ ಹಿಮ. ಅಂಥ ಜಟ್ಟಿ ಕೂಸಿನ ಹಾಗೆ ಅತ್ತ.

ಕೆಂಚಿ ಆ ಮೂವರನ್ನು ನೋಡಿದಳು. ತೆರೆದ ಬಾಗಿಲನ್ನು ನೋಡಿದಳು. ಆಮೇಲೆ ಗುಡಾಣದ ಮುಂದೆ ಕೂತಳು.

"ಬೇಡ ಕಣೇ!" ಅಂದ ಕರಿಸಿದ್ದ.

"ಸುಮ್ಮನಿರು ಅಣ್ಣಯ್ಯ. ತಾಯೀ, ಮೊದಲನೇದು ಜಟ್ಟಪ್ಪ ಹೇಳಿದ್ದೇ. ನಿನ್ನೊಳಗಿರೋ, ಕಣ್ಣಿಗೆ ಕಾಣದ ಜೀವಗಳ ಊರು. ಕೊಳೆ ಒಬ್ಬನ ಊಟ. ಅವನ ಎಂಜಲು ಇನ್ನೊಬ್ಬನ ಊಟ. ಎಲ್ಲರೂ ಉಂಡು ಕೊನೆಗೆ ಉಳಿಯೋದು ತಿಳಿನೀರು."

"ಎರಡನೇದು?"

"ಉಂಡವನು ಏನಾದರೂ ಬಿಡಲೇಬೇಕಲ್ಲ. ಅದನ್ನ ಎತ್ತೋರನ್ನೆಲ್ಲ ಓಡಿಸಿದ ಮೇಲೆ ಅವನ ಹೊಲಸು ಅವನ ಮೂಗಿನ ತನಕ ಏರಿತು. ಅವನನ್ನ ಕೊಂದದ್ದು ಅವನ ಹೊಲಸೇ."

ಅರಸ ತಲೆ ತಗ್ಗಿಸಿದ. "ನಾನೇ ಗುಡಾಣ ತೊಳೆಸಿದೆ. ನೀರು ಬೇಗ ಇಳಿಯಲಿ ಅಂತ ಒಳಗಿದ್ದುದನ್ನೆಲ್ಲ ಚೆಲ್ಲಿಸಿ, ಭಾರಿ ಚುರುಕು ಅಂತ ಕೊಳೆ ತಿನ್ನೋ ಒಂದೇ ಜಾತಿಯ ಹುಳಿಹೆಪ್ಪು ಬಿಡಿಸಿದೆ."

ಗುಡಾಣ ಕೆಂಚಿಗೇ ಹೇಳಿತು: "ಮೂರನೇದು. ಬೇರೆ ಬೇರೆ ಕಡೆಯವರನ್ನ ತಂದು ಹೊಸ ಊರು ಕಟ್ಟಬೇಕು. ಕಾವಲಿಲ್ಲ, ಬೇಲಿಯಿಲ್ಲ. ಯಾರೂ ಬಿಟ್ಟು ಹೋಗಬಾರದು, ಯಾರೂ ಯಾರನ್ನೂ ನುಂಗಬಾರದು. ಯಾವ ಹಗ್ಗದಲ್ಲಿ ಕಟ್ಟುತ್ತೀ?"

ಕೆಂಚಿ ಗೋಡೆಗೆ ಒರಗಿದ್ದ ಮೂವರ ಕಡೆ ತಿರುಗಿ ನೋಡಿದಳು. "ಕೊರತೆ ಅನ್ನೋ ಹಗ್ಗದಲ್ಲಿ. ಒಬ್ಬೊಬ್ಬನಿಂದ ಒಂದೊಂದು ಕಿತ್ತುಕೊಂಡು, ಅದು ಪಕ್ಕದವನಿಂದಲೇ ಸಿಗೋ ಹಂಗೆ ಮಾಡಬೇಕು. ನುಂಗಿದರೆ ತಾನೂ ಸತ್ತ, ಬಿಟ್ಟು ಹೋದರೂ ಸತ್ತ. ನೀನು ನಮ್ಮ ಮನುಷ್ಯರನ್ನ ಹಂಗೇ ಕಟ್ಟಿ ಹಾಕಿದ್ದೀಯ, ತಾಯಿ."

"ಸರಿ. ಬರಿದಾದ ಊರಿಗೆ ಜನ ಬೇಕಲ್ಲ ಮಗಳೇ," ಅಂದವು ಆ ಸಾವಿರ ದನಿಗಳು. "ಇವರನ್ನ ಬಿಟ್ಟರೆ ನನಗೆ ಯಾರು?"

"ನಾನು ತರ್ತೀನಿ."

ಕೆಂಚಿ ಕೆರೆಯ ತಳದ ಕೆಸರು ತಂದಳು. ಹುಳಿ ಬಂದ ಅಂಬಲಿ, ತಿಪ್ಪೆಯ ಬಿಸಿಗೊಬ್ಬರ, ಕೊಳೆತ ತರಗೆಲೆಯ ಅಡಿಯ ಮಣ್ಣು ತಂದಳು. ಒಂದೊಂದೇ ಹಿಡಿ ಗುಡಾಣಕ್ಕೆ ಇಳಿಸಿದಳು. "ಕಿತ್ತುಕೊಳ್ಳೋದನ್ನ ಈ ಕಾಣದ ಜೀವಗಳಿಂದ ಕಿತ್ತುಕೋ. ನಮ್ಮದು ನಮಗೆ ಕೊಡು."

ಒಳಗಿನಿಂದ ಎಳೆಕೂಸುಗಳು ಅತ್ತ ಹಾಗೆ ಸದ್ದು ಬಂತು. ಕೇಳಿದವರ ಮೈ ಜುಮ್ಮೆಂದಿತು. ಅಳು ಸಣ್ಣಗಾಯಿತು, ನಿಂತಿತು. ಆಮೇಲೆ ಮೆಲ್ಲಗೆ ಮೆಲುಕು ಹಾಕುವ ಸದ್ದು ಶುರುವಾಯಿತು. ಜಟ್ಟಿಯ ಹಣೆಯಲ್ಲಿ ಬೆವರು ಒಡೆಯಿತು. ಪದುಮಯ್ಯ ಕೂತಲ್ಲೇ ಗೊರಕೆ ಹೊಡೆದ. ಕರಿಸಿದ್ದ ಹೊಟ್ಟೆ ಹಿಡಿದುಕೊಂಡು, "ಅಯ್ಯೋ, ಹಸಿವು ಕಣವ್ವಾ!" ಅಂತ ಕೂಗಿದ. ಅಂಥ ಸಿಹಿ ಮಾತನ್ನು ಕೆಂಚಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ತೂಬಿನಲ್ಲಿ ತಿಳಿನೀರು ಇಳಿಯಿತು. ಅರಸ ಅರ್ಧ ರಾಜ್ಯ ಕೊಡಲು ಬಂದ. "ರಾಜ್ಯ ನೀವೇ ಆಳಿ ಬುದ್ಧೀ," ಅಂದಳು ಕೆಂಚಿ. "ಗುಡಾಣಕ್ಕೆ ಇನ್ನು ನನ್ನ ಕೈ ಬಿಟ್ಟು ಬೇರೆ ಕೈ ಬೀಳಬಾರದು." ಅರಸ ಒಪ್ಪಿ, ತೂಬಿನ ಕೆಳಗಿನ ಗದ್ದೆಯನ್ನೆಲ್ಲ ಅಣ್ಣತಂಗಿಯ ಹೆಸರಿಗೆ ಬರೆದುಕೊಟ್ಟ. ಅವರ ನೀರು ಅವರಿಗೆ ತಿಳಿಯಾಯಿತು, ನಮ್ಮ ಕತೆ ನಮಗೆ ಮುಗಿಯಿತು.