ಅಜ್ಜನವರ ಮಡಿಲಿನ ಕುನ್ನಿ

ಪೂಜ್ಯ ಬೂದಯ್ಯಜ್ಜನವರು ಬೆಣಚಿಹಾಳದ ಹಳ್ಳದ ದಂಡೆಯಲ್ಲಿ ನೆಲೆಸಿದ್ದ ಕಾಲದಲ್ಲಿ ಅವರ ಮಠವೆಂದರೆ ಮಣ್ಣಿನದೊಂದು ಮನೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಎದುರಿಗೆ ಒಂದು ಬೇವಿನ ಗಿಡ. ಅಷ್ಟೇ. ಮಠಕ್ಕೆ ಮಹಾದ್ವಾರವಿರಲಿಲ್ಲ, ಶ್ರೀಗಳಿಗೆ ಪಲ್ಲಕ್ಕಿಯಿರಲಿಲ್ಲ. ಬೇವಿನ ಬುಡದ ಹಾಸುಗಲ್ಲಿನ ಮೇಲೆ ಕಂಬಳಿ ಹಾಸಿ ಕುಳಿತಿರುತ್ತಿದ್ದರು. ಬಂದವರಿಗೆ ಮೊದಲು ರೊಟ್ಟಿ, ಪುಂಡಿಪಲ್ಯ, ಮಾತು ಆಮೇಲೆ. ಎಷ್ಟೋ ಜನ ಊಟ ಮಾಡಿ, ಹೇಳಬೇಕೆಂದು ಬಂದದ್ದನ್ನು ಹೇಳದೆಯೇ ಹಗುರಾಗಿ ಹೋಗುತ್ತಿದ್ದರಂತೆ.

ಒಂದು ಮಾಗಿಯ ಚಳಿಯಲ್ಲಿ ಮಠದ ನಾಯಿ ಕೆಂಚಿ ಅಡುಗೆಮನೆಯ ಹಿಂದಿನ ಕಟ್ಟಿಗೆ ಒಟ್ಟಿಲಿನ ಸಂದಿಯಲ್ಲಿ ಮರಿ ಹಾಕಿತು. ಮರಿಗಳೆಲ್ಲ ದುಂಡಗೆ, ಮಿರಿಮಿರಿ ಮಿಂಚುತ್ತಿದ್ದವು. ಒಂದು ಕರಿಯ ಕುನ್ನಿ ಮಾತ್ರ ಇಲಿಯಷ್ಟೇ ಇತ್ತು. ಉಳಿದವು ಮೊಲೆಗೆ ಮುಗಿಬಿದ್ದಾಗ ಇದು ತಳ್ಳಿಸಿಕೊಂಡು ತಾಯಿಯ ಬೆನ್ನ ಹಿಂದೆ ಬಿದ್ದಿರುತ್ತಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ.

ಶ್ರೀಗಳು ಬೆಳಗಿನ ಪೂಜೆ ಮುಗಿಸಿದವರೇ ಕಟ್ಟಿಗೆ ಒಟ್ಟಿಲಿನ ಕಡೆ ನಡೆಯುತ್ತಿದ್ದರು. ಹತ್ತಿಯ ಬತ್ತಿಯನ್ನು ಹಸುವಿನ ಹಾಲಿನಲ್ಲಿ ಅದ್ದಿ ಕುನ್ನಿಯ ಬಾಯಿಗೆ ಹಿಡಿಯುತ್ತಿದ್ದರು. ಹಾಲು ಅರ್ಧ ಮೂಗಿನಿಂದ ಹೊರಬರುತ್ತಿತ್ತು. ಹೊಟ್ಟೆ ತಮಟೆಯಂತೆ ಉಬ್ಬಿತು. ಮೈ ಮಾತ್ರ ದಿನದಿಂದ ದಿನಕ್ಕೆ ಕರಗಿತು. ಅಡುಗೆಯ ಶಾಂತಯ್ಯನವರು ಮಠಕ್ಕೆ ತಮ್ಮ ಆಯುಷ್ಯವನ್ನೇ ಕೊಟ್ಟ ಹಿರಿಯರು, ಆದರೆ ಮಾತು ಸ್ವಲ್ಪ ಖಾರ. "ಬಿಡ್ರಿ ಅಜ್ಜಾರ, ಅದರ ಅನ್ನ ತೀರೈತಿ" ಎಂದುಬಿಟ್ಟರು.

ಮಹಾತ್ಮರಿಗೆ ತಿಳಿಯದ್ದು ಇಲ್ಲವೆಂದು ಭಕ್ತರಾದ ನಾವು ಹೇಳಿಕೊಳ್ಳುತ್ತೇವೆ. ಅಜ್ಜನವರು ತಾವಾಗಿ ಎಂದೂ ಹಾಗೆ ಹೇಳಿಕೊಂಡವರಲ್ಲ. "ನಮಗ ತಿಳಿವಲ್ದು ಶಾಂತಯ್ಯ, ತಿಳದವರು ಯಾರರ ಬರಬೇಕು" ಎಂದು ಕುನ್ನಿಯನ್ನು ಕಂಬಳಿಯ ಮಡಿಕೆಯಲ್ಲಿಟ್ಟುಕೊಂಡು ಕುಳಿತರು.

ಆ ಹೊತ್ತಿಗೆ ಹಳ್ಳ ದಾಟಿ ಬಂದವಳು ಸಂಕವ್ವ. ಆಕೆ ಆ ಸೀಮೆಯ ಸೂಲಗಿತ್ತಿ. ಸುತ್ತಿನ ಹಳ್ಳಿಗಳಲ್ಲಿ ಈಗ ಮೀಸೆ ತಿರುವುವ ಎಷ್ಟೋ ಗಂಡಸರ ಹೊಕ್ಕುಳಬಳ್ಳಿ ಕೊಯ್ದವಳು. ಆದರೆ ಅಂದು ಬಂದವಳ ಮುಖ ನೋಡಿದರೆ ಊಟ ಬಿಟ್ಟು ಬಹಳ ದಿನವಾದಂತಿತ್ತು. ಶಾಂತಯ್ಯನವರು ರೊಟ್ಟಿಯ ತಾಟು ತಂದಿಟ್ಟರು. ಆಕೆ ಮುಟ್ಟಲಿಲ್ಲ.

"ಅಜ್ಜಾರ, ಈ ಕೈಗೆ ಬ್ಯಾರೆ ಕೆಲಸ ಕೊಡ್ರಿ" ಎಂದಳು. "ಮಠದ ಕಸ ಹೊಡೀತೀನಿ, ಮುಸುರಿ ತಿಕ್ಕತೀನಿ. ಕೂಸಿನ ಸುದ್ದಿ ಮಾತ್ರ ಬ್ಯಾಡ."

"ಯಾಕ ತಾಯಿ?" ಎಂದು ಶ್ರೀಗಳು ಕೇಳಿದರು.

ಸಂಕವ್ವ ನೆಲ ನೋಡುತ್ತಲೇ ಹೇಳಿದಳು. ದೀಪಾವಳಿಯ ಹಿಂದೆಮುಂದೆ ನೇಕಾರರ ಓಣಿಯಲ್ಲಿ ಒಂದು ಚೊಚ್ಚಲ ಹೆರಿಗೆ. ಹುಡುಗಿ ಗಟ್ಟಿಯಾಗಿದ್ದಳು, ಎಲ್ಲ ಸರಿಯಾಗಿತ್ತು. "ಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ರೀ. ಬಿಡಿಸಿದೆ. ಬೆನ್ನು ತಿಕ್ಕಿದೆ, ಬಾಯಾಗ ಊದಿದೆ. ಕೂಸು ಅಳಲೇ ಇಲ್ಲ. ಹುಡುಗಿ ನನ್ನ ಮುಖಾನ ನೋಡಕತ್ತಿದ್ಲು. ಆಕಿ ಅತ್ತಿ ಅಂದ್ಲು, ನಿನ್ನ ಕೈ ಸತ್ತೈತಿ ಅಂತ. ಅವತ್ತಿನಿಂದ ಯಾರು ಕರಿಯಾಕ ಬಂದ್ರೂ ಬಾಗಲಾ ತಗದಿಲ್ಲ."

ರೊಟ್ಟಿಯ ತಾಟನ್ನು ಅತ್ತ ಸರಿಸಿ ಮತ್ತೆ ಎಂದಳು: "ದೇವ್ರ ಮ್ಯಾಲೆ ಭಾರ ಹಾಕು ಅಂತ ನೀವು ಹೇಳಬ್ಯಾಡ್ರಿ. ಅವತ್ತೂ ಆತನ ಹೆಸರು ತಗೊಂಡೇ ಕುಂತಿದ್ದೆ. ಆತ ಎಲ್ಲಿದ್ನೋ ನನಗ ಗೊತ್ತಿಲ್ಲ."

ಮಠದ ಅಂಗಳದಲ್ಲಿ ಇಂಥ ಮಾತು ಕೇಳಿ ಶಾಂತಯ್ಯನವರು ಕಿವಿ ಮುಚ್ಚಿಕೊಂಡರು. ಶ್ರೀಗಳ ಮುಖ ಮಾತ್ರ ಎಳ್ಳಷ್ಟೂ ಬದಲಾಗಲಿಲ್ಲ. ಅವರು ಕಂಬಳಿಯ ಮಡಿಕೆಯನ್ನು ಮೆಲ್ಲಗೆ ತೆರೆದು, ಸ್ವಾಮಿಗಳನ್ನು ಕರೆಯುವ ಗೌರವದಿಂದಲೇ ಕುನ್ನಿಯನ್ನು ತೋರಿಸಿದರು.

"ನಮಗೂ ಒಂದು ಚಿಂತಿ ಐತಿ ತಾಯಿ. ಈ ಅಪ್ಪಗಳು ಬೆಳಿವಲ್ರು. ನೋಡು."

ಸಂಕವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾ ಮುಟ್ಟೂದಿಲ್ರೀ."

"ಮುಟ್ಟಬ್ಯಾಡ. ನೋಡು."

ಆಕೆ ನೋಡಿದಳು. ಕಣ್ಣು ತೆರೆಯದ, ಪಕ್ಕೆಲುಬು ಎಣಿಸಬಹುದಾದ ಆ ಕರಿಯ ಜೀವ ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತ ಬಿದ್ದಿತ್ತು. ಎಷ್ಟು ಹೊತ್ತು ಬರಿದೇ ನೋಡಿಯಾಳು? ಇಷ್ಟು ವರ್ಷ ಎಳೆಯ ಜೀವಗಳನ್ನು ಎತ್ತಿದ ಕೈ ತಾನಾಗಿ ಸೆರಗಿನಿಂದ ಹೊರಬಂತು. ಕಿರುಬೆರಳನ್ನು ಕುನ್ನಿಯ ಬಾಯಿಯೊಳಗಿಟ್ಟು ನೋಡಿದವಳೇ ಹುಬ್ಬುಗಂಟಿಕ್ಕಿದಳು.

"ಅಯ್ಯ, ಬಾಯಿ ತಣ್ಣಗ ಕೊರಿತೈತಲ್ರೀ! ಇದಕ್ಕ ಹಾಲು ಹಾಕೀರೇನು?"

"ಹಾಕೀವಿ" ಎಂದರು ಶ್ರೀಗಳು, ಸಿಕ್ಕಿಬಿದ್ದ ಮಗುವಿನಂತೆ.

"ಮೈ ತಣ್ಣಗಿದ್ದ ಕೂಸಿಗೆ ಯಾರರ ಹಾಲು ಹಾಕ್ತಾರೇನ್ರೀ ಅಜ್ಜಾರ? ಹೊಟ್ಟ್ಯಾಗ ಕಾವಿಲ್ದ ಅದು ಅರಗೂದು ಹ್ಯಾಂಗ? ಮೊದಲ ಬೆಚ್ಚಗ ಆಗಬೇಕು, ಹಾಲು ಆಮ್ಯಾಲೆ. ಅದೂ ಹಸುವಿನ ಹಾಲು! ಅದರ ತಾಯಿ ಸತ್ತಾಳೇನು?"

ಬೆಣಚಿಹಾಳದಲ್ಲಿ ಅಜ್ಜನವರನ್ನು ಹೀಗೆ ಗದರಿದವರು ಅದುವರೆಗೆ ಯಾರೂ ಇರಲಿಲ್ಲ. ಶಾಂತಯ್ಯನವರು ಬಾಯಿ ತೆರೆದುಕೊಂಡು ನಿಂತರು. ಶ್ರೀಗಳು ಕೈಮುಗಿದರು. "ತಪ್ಪಾತು ತಾಯಿ. ಮುಂದ ಏನು ಮಾಡೂಣು, ಹೇಳು."

ಒಲೆಯ ಹತ್ತಿರ ಕೂಡಬೇಕು ಎಂದಳು ಸಂಕವ್ವ. ಹೇಳಿದ ಮೇಲೆ ತಾನೇ ಹಿಂಜರಿದಳು. ಮಠದ ಅಡುಗೆಮನೆಯೊಳಕ್ಕೆ ಆಕೆ ಎಂದೂ ಕಾಲಿಟ್ಟವಳಲ್ಲ. ಶಾಂತಯ್ಯನವರಿಗಂತೂ ಸಿಟ್ಟೇ ಬಂತು. "ಪ್ರಸಾದ ಮಾಡೂ ಜಾಗದಾಗ ನಾಯಿ ಮರೀನ?"

"ಹಸದವರಿಗೆ ಹಾಕಿದ್ದಕ್ಕ ಪ್ರಸಾದ ಅಂತಾರ ಶಾಂತಯ್ಯ" ಎಂದರು ಶ್ರೀಗಳು. "ಇದು ಹಸದೈತಿ. ಈ ತಾಯೀನೂ ಹಸದಾಳ. ಇಬ್ಬರನ್ನೂ ಒಳಗ ಕರಿ."

ಸಂಕವ್ವ ಒಲೆಯಿಂದ ಸ್ವಲ್ಪ ದೂರ ಕುಳಿತು ಕುನ್ನಿಯನ್ನು ಹೊಟ್ಟೆಗೆ ಅವಚಿ, ಸೆರಗು ಮುಚ್ಚಿದಳು. ಬೆಂಕಿಗೆ ಹಿಡಿಯಲಿಲ್ಲ, ಮೈಯ ಕಾವೇ ಮೆಲ್ಲಗೆ ಏರಬೇಕೆಂದಳು. ಬಹಳ ಹೊತ್ತಿನ ಮೇಲೆ ಅದರ ಬಾಯಿ ಬೆಚ್ಚಗಾಯಿತು. ಬೆರಳನ್ನು ಒಂದಿಷ್ಟು ಚೀಪಿತು. ಆಗ ಕೆಂಚಿಯ ಬಳಿಗೆ ಒಯ್ದಳು. ಕೆಂಚಿ ಗುರ್ರೆಂದು ಹಲ್ಲು ತೋರಿಸಿತು, ಆಮೇಲೆ ಸಂಕವ್ವನ ಕೈಯನ್ನು ಮೂಸಿ ತಲೆ ಕೆಳಗಿಟ್ಟಿತು. ಹಿಂಗಾಲ ಸಂದಿಯ ಮೊಲೆಗಳಲ್ಲಿ ಹಾಲು ಹೆಚ್ಚಿರುತ್ತದೆ. ಸಂಕವ್ವ ಅಂಥದೊಂದನ್ನು ಹಗುರಾಗಿ ಒತ್ತಿ ಒಂದು ಹನಿ ತರಿಸಿ, ಕುನ್ನಿಯ ತುಟಿಗೆ ಸವರಿ ಬಾಯಿ ಹಚ್ಚಿದಳು. ಅದು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು.

ಅಷ್ಟರಲ್ಲಿ ಉಳಿದ ಮರಿಗಳು ನುಗ್ಗಿಬಂದವು. "ಇವನ್ನ ಯಾರರ ಹಿಡೀರಿ" ಎಂದಳು ಸಂಕವ್ವ, ಹಿಂದೆ ಯಾರಿದ್ದಾರೆಂದು ನೋಡದೆ. ಹಿಂದಿದ್ದವರು ಅಜ್ಜನವರೇ. ಅವರು ಕಟ್ಟಿಗೆಯ ಚಕ್ಕೆಗಳ ಮೇಲೆಯೇ ಕುಳಿತು, ಆ ದಡೂತಿ ಮರಿಗಳನ್ನೆಲ್ಲ ತಮ್ಮ ಮಡಿಲಿಗೆ ಹಾಕಿಕೊಂಡರು. ಒಂದು ರುದ್ರಾಕ್ಷಿಯನ್ನು ಕಚ್ಚಿತು, ಇನ್ನೊಂದು ಕಾವಿಯ ಮೇಲೆ ಒದ್ದೆ ಮಾಡಿತು. ದರ್ಶನಕ್ಕೆ ಬಂದ ಭಕ್ತರು ಬೇವಿನ ಬುಡ ಬರಿದಾಗಿರುವುದನ್ನು ಕಂಡು ಹುಡುಕುತ್ತ ಹಿತ್ತಲಿಗೆ ಬಂದರು. ಪಾದ ಮುಟ್ಟಬೇಕೆಂದರೆ ಅಲ್ಲೂ ಒಂದು ಮರಿ ಮಲಗಿತ್ತು. "ಅಲ್ಲಿಂದಲೇ ಶರಣು ಅನ್ರಿ, ಮುಟ್ಟಿಸಿಕೊಳ್ಳಾಕ ನಮಗೀಗ ಪುರುಸೊತ್ತಿಲ್ಲ" ಎಂದು ಶ್ರೀಗಳು ನಕ್ಕರು.

ಹಾಲು ಕುಡಿದ ಮೇಲೆ ಸಂಕವ್ವ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಕುನ್ನಿಯ ಹೊಟ್ಟೆ, ಹಿಂಭಾಗ ಸವರಿದಳು. ಇಷ್ಟು ಎಳೆಯದಕ್ಕೆ ತಾಯಿ ನೆಕ್ಕದಿದ್ದರೆ ಮೂತ್ರವೂ ಬರುವುದಿಲ್ಲ ಎಂದಳು. ಅಂದು ಆಕೆ ಊಟ ಮಾಡಿದಳು. ಕುನ್ನಿಯನ್ನು ಮಡಿಲಲ್ಲಿಟ್ಟುಕೊಂಡೇ ಒಂದು ರೊಟ್ಟಿ ತಿಂದಳು. ಮಠದಲ್ಲೇ ಉಳಿದಳು.

ಶಾಂತಯ್ಯನವರ ಸಿಟ್ಟು ಬಹಳ ಹೊತ್ತು ಬಾಳುವಂಥದ್ದಲ್ಲ. ಮರುದಿನ ಅವರೇ ಕಾಳು ತೂಗುವ ತಕ್ಕಡಿ ತಂದರು. ಒಂದು ಪರಡಿಯಲ್ಲಿ ಕುನ್ನಿಯನ್ನಿಟ್ಟು, ಇನ್ನೊಂದಕ್ಕೆ ಸರಿತೂಗುವಷ್ಟು ಜೋಳ ಸುರಿದು, ಆ ಜೋಳವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರು. "ನಾಳಿಗೆ ಹೆಚ್ಚೋ ಕಮ್ಮೀನೋ ಗೊತ್ತಾಗ್ತೈತಿ" ಎಂದರು.

ಮಾರನೆಯ ಬೆಳಗ್ಗೆ ತೂಗಿದಾಗ ಜೋಳದ ಪರಡಿ ಕೆಳಗಿಳಿಯಿತು. ಕುನ್ನಿ ಇನ್ನೂ ಹಗುರಾಗಿತ್ತು.

ಸಂಕವ್ವ ಅಲ್ಲೇ ಕುಸಿದಳು. "ನಾ ಹೇಳಿದ್ನಲ್ರೀ ಅಜ್ಜಾರ. ನನ್ನ ಕೈ ಮುಟ್ಟಿದ್ದು ಉಳಿಯೂದಿಲ್ಲ. ಇದೂ ನನ್ನ ಕೈಯಾಗ ಸಾಯ್ತೈತಿ. ನಾ ಹೊಂಟೆ" ಎಂದು ಎದ್ದೇಬಿಟ್ಟಳು.

ಶ್ರೀಗಳು ಆಕೆಯನ್ನು ತಡೆಯಲಿಲ್ಲ. ತಕ್ಕಡಿಯಿಂದ ಕುನ್ನಿಯನ್ನು ಎತ್ತಿ ತಮ್ಮ ಎದೆಗೆ ಆನಿಸಿಕೊಂಡರು. ಆಮೇಲೆ ಮೆಲ್ಲನೆ ನುಡಿದರು:

"ತಾಯಿ, ಸಾವು ನಮಗಿರಲಿ. ಜ್ವಾಪಾನ ನಿನಗಿರಲಿ."

ಸಂಕವ್ವ ಬಾಗಿಲಲ್ಲಿ ನಿಂತಳು.

"ಸಾಯೂ ಹೊತ್ತು ಬಂದ್ರ ನಮ್ಮ ಎದಿ ಮ್ಯಾಲೆ ಸಾಯಲಿ, ಆ ಭಾರ ನಾವು ಹೊರ್ತೀವಿ. ಅದನ್ನ ನೀ ಹೊರಬ್ಯಾಡ. ಅದಕ್ಕ ಈಗ ಹಸಿವಾಗೈತಿ. ನೀ ಹಾಲು ಕುಡಿಸು."

ಅಷ್ಟೇ. ಉಪದೇಶವೆಂದರೆ ಉಪದೇಶ, ಅಪ್ಪಣೆಯೆಂದರೆ ಅಪ್ಪಣೆ. ಆ ಕ್ಷಣದಲ್ಲಿ ಬೆನ್ನಿನ ಮೇಲಿದ್ದ ಕಲ್ಲುಚಪ್ಪಡಿಯನ್ನು ಯಾರೋ ಇಳಿಸಿಕೊಂಡಂತಾಯಿತು ಎಂದು ಸಂಕವ್ವ ಮುಂದೆ ಎಷ್ಟೋ ಜನರಿಗೆ ಹೇಳಿದ್ದುಂಟು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಕೈಚಾಚಿದಳು. ಶ್ರೀಗಳು ಕುನ್ನಿಯನ್ನು ಆ ಕೈಗಿತ್ತರು.

ಮುಂದೆ ನಡೆದದ್ದರಲ್ಲಿ ಪವಾಡವೇನೂ ಇಲ್ಲ; ಪವಾಡ ಕೇಳಬೇಕೆಂದು ಓದುವವರು ಕ್ಷಮಿಸಬೇಕು. ಸಂಕವ್ವ ಬೆಚ್ಚಗೆ ಮಾಡುವಳು, ಮೊಲೆಗೆ ಹಿಡಿಯುವಳು, ಒರೆಸುವಳು, ಮಡಿಲಲ್ಲಿ ಮಲಗಿಸುವಳು. ಅಜ್ಜನವರು ದಡೂತಿಗಳನ್ನು ಹಿಡಿದು ಕೂಡುವರು. ಒಂದು ದಿನ ತಕ್ಕಡಿ ಅತ್ತಿತ್ತ ಆಡಿ ಸಮನಾಗಿ ನಿಂತಿತು. ಅದರ ಮರುದಿನ ಕುನ್ನಿಯ ಪರಡಿ ಕೂದಲೆಳೆಯಷ್ಟು ಕೆಳಗೆ ಬಂತು. ಶಾಂತಯ್ಯನವರು ನಂಬದೆ ಪರಡಿಗಳನ್ನು ಅದಲುಬದಲು ಮಾಡಿ ಮತ್ತೆ ತೂಗಿದರು. "ಅಜ್ಜಾರ, ಅಪ್ಪಗಳು ತೂಕ ಹಾಕ್ಯಾರ್ರೀ!" ಎಂದು ಅವರು ಕೂಗಿದ್ದು ಹಳ್ಳದಾಚೆ ಬಟ್ಟೆ ಒಗೆಯುವವರಿಗೂ ಕೇಳಿಸಿತಂತೆ. ಅವರೇ ಸರಿತೂಗುವಷ್ಟು ಇನ್ನು ನಾಲ್ಕು ಕಾಳು ಜೋಳ ತಂದು ಗಂಟಿಗೆ ಸೇರಿಸಿದರು. ಸಂಕವ್ವ ನಕ್ಕಳು. ಬಂದಾಗಿನಿಂದ ಆಕೆ ನಕ್ಕದ್ದು ಅದೇ ಮೊದಲು.

ಕುನ್ನಿ ಕಣ್ಣು ಬಿಟ್ಟ ವಾರದಲ್ಲೇ ಕುಂಬಾರ ಗಾಳೆಪ್ಪ ಏದುಸಿರು ಬಿಡುತ್ತ ಮಠಕ್ಕೆ ಓಡಿಬಂದ. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಅವನ ಹೆಂಡತಿಗೆ ಬೆಳಗಿನಿಂದ ಬೇನೆ ಎದ್ದಿತ್ತು. ಸಂಕವ್ವ ಮಠದಲ್ಲಿದ್ದಾಳೆಂದು ಯಾರೋ ಹೇಳಿದ್ದರು.

"ಯವ್ವಾ, ಬಾರಬೇ, ಆಕಿ ನಿನ್ನ ಹೆಸರೇ ಹೇಳಾಕತ್ಯಾಳ."

ಸಂಕವ್ವನ ಮಡಿಲಲ್ಲಿ ಕುನ್ನಿ ಮಲಗಿತ್ತು. ಆಕೆ ಅದನ್ನು ನೋಡಿದಳು, ಗಾಳೆಪ್ಪನನ್ನು ನೋಡಿದಳು, ಕೊನೆಗೆ ಶ್ರೀಗಳನ್ನು ನೋಡಿದಳು. ಅವರು ಹತ್ತಿರ ಬಂದು, ಬಾಗಿ, ಆಕೆಯ ಮಡಿಲಿನಿಂದ ಕುನ್ನಿಯನ್ನು ಎತ್ತಿ ತಮ್ಮ ಮಡಿಲಿಗೆ ಹಾಕಿಕೊಂಡು ಕುಳಿತರು. ಸಂಕವ್ವನ ಎರಡೂ ಕೈ ಬರಿದಾದವು. ಆಕೆ ಎದ್ದು, ಬಾವಿಯ ಕಟ್ಟೆಯಲ್ಲಿ ಕೈಗಳನ್ನು ಉಜ್ಜಿ ಉಜ್ಜಿ ತೊಳೆದು ಗಾಳೆಪ್ಪನ ಮುಂದೆ ನಡೆದಳು.

ಹೊತ್ತು ಮುಳುಗುವ ಮುಂಚೆ ಆಕೆ ತಿರುಗಿ ಬಂದಳು. ಸೀರೆಯ ಅಂಚೆಲ್ಲ ಒದ್ದೆ, ಕೂದಲು ಕೆದರಿತ್ತು. "ಹೆಣ್ಣರೀ ಅಜ್ಜಾರ. ಓಣಿಗೆ ಓಣೀನೇ ಕೇಳೂ ಹಂಗ ಚೀರ್ತು" ಎಂದಳು.

"ನಮ್ಮ ಅಪ್ಪಗಳೂ ಈಗಷ್ಟ ಊಟ ಮಾಡಿ ಮಲಗ್ಯಾರ. ಗದ್ದಲ ಮಾಡಬ್ಯಾಡ" ಎಂದರು ಶ್ರೀಗಳು. ಅವರ ಕಣ್ಣುಗಳು ತೇವವಾಗಿದ್ದವೆಂದು ಶಾಂತಯ್ಯನವರು ಹೇಳುತ್ತಿದ್ದರು.

ಸಂಕವ್ವ ಮರುದಿನ ತನ್ನ ಊರಿಗೆ ಹೋದಳು. ಆಮೇಲೆ ಯಾರು ಕರೆದರೂ ಬಾಗಿಲು ತೆರೆದಳು. ಆಕೆಯ ಕೈಯಲ್ಲಿ ಎಲ್ಲ ಕೂಸುಗಳೂ ಉಳಿದವೆಂದು ಬರೆದರೆ ಸುಳ್ಳಾದೀತು. ಅಜ್ಜನವರು ಸುಳ್ಳನ್ನು ಮೆಚ್ಚಿದವರಲ್ಲ. ಕೆಲವು ವರ್ಷಗಳ ಮೇಲೆ ಬೇಸಿಗೆಯಲ್ಲಿ ಒಂದು ಮನೆಯಲ್ಲಿ ತಿಂಗಳು ತುಂಬದ ಕೂಸು ಹುಟ್ಟಿತು. ಸಂಕವ್ವ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಕೂಸು ಆಕೆಯ ಕೈಯಲ್ಲೇ ತಣ್ಣಗಾಯಿತು. ಮನೆಯವರು ಬಾಣಂತಿಗೆ ತೋರಿಸದೆ ಅದನ್ನು ಲಗುಬಗೆಯಿಂದ ಹೊರಗೆ ಒಯ್ಯಲು ಬಂದರು.

"ಇರ್ರಿ" ಎಂದಳು ಸಂಕವ್ವ. "ಆಕಿ ಹಡದಾಳ. ಆಕಿ ನೋಡಲಿ."

ಬೆಚ್ಚನೆಯ ನೀರಿನಲ್ಲಿ ಕೂಸಿನ ಮೈ ತೊಳೆದು, ಮೆತ್ತನೆಯ ಬಟ್ಟೆ ಸುತ್ತಿ, ತಾಯಿಯ ತೋಳಿಗೆ ಕೊಟ್ಟಳು. ಆ ಹುಡುಗಿ ಕೂಸಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಅತ್ತಳು. ಅಳು ತೀರುವವರೆಗೂ ಸಂಕವ್ವ ಆಕೆಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ಕುಳಿತಿದ್ದಳು.