ಪಾಲಯ್ಯನ ಮೀಸೆಮೀನು

ಕೂತಿದ್ದೀರಲ್ಲ, ಕೇಳಿ. ನಡುವೆ ಬಾಯಿ ಹಾಕಬೇಡಿ. ಹಾಕಿದರೆ ನಾನು ಮತ್ತೆ ಮೊದಲಿಂದ ಶುರು ಮಾಡುವವನು.

ಚಳ್ಳಕೆರೆಯಲ್ಲಿ ಬೋರಕ್ಕ ಅಂತ ಒಬ್ಬಳು. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸ. ಅವಳಿಗೊಬ್ಬ ಮಗ, ಪಾಲಯ್ಯ. ವಯಸ್ಸು ಮೂವತ್ತೊಂದು, ಎತ್ತರ ಬಾಗಿಲಷ್ಟು, ಬುದ್ಧಿ ಮಾತ್ರ ಹೇಳಿದಷ್ಟೇ. ಹೇಳಿದಷ್ಟೇ ಅಂದರೆ ಹೇಳಿದಷ್ಟೇ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ.

ತಂಗಿ ಪಾರಿಜಾತಳ ಮದುವೆಯಲ್ಲಿ ಬೋರಕ್ಕ ಅವನಿಗೆ ಹೇಳಿದಳು, "ಬೀಗರ ಚಪ್ಪಲಿ ಇಲ್ಲಿಂದ ಅಲ್ಲಾಡದಂಗೆ ನೋಡ್ಕೋ." ಪಾಲಯ್ಯ ನೋಡಿಕೊಂಡ. ಉಂಡು ಬಂದ ಬೀಗರು ಚಪ್ಪಲಿ ಮೆಟ್ಟಲು ಹೋದರೆ ಬಿಡಲಿಲ್ಲ. "ಅಲ್ಲಾಡಂಗಿಲ್ಲ" ಅಂದ. ಗಂಡಿನ ಅಪ್ಪ ಬರಿಗಾಲಲ್ಲಿ ಬಳ್ಳಾರಿ ಬಸ್ಸು ಹತ್ತಿದ. ಅವತ್ತಿನಿಂದ ಆ ಮನೆಯ ಹೊಸಿಲು ಪಾಲಯ್ಯ ತುಳಿಯುವ ಹಾಗಿಲ್ಲ.

ಈಗ ಪಾರಿಜಾತ ಬಸುರಿ. ತವರಿಗೆ ಬರಬೇಕಾದವಳು, ಆದರೆ ಡಾಕ್ಟರು ಬಸ್ಸು ಹತ್ತಬೇಡ ಅಂದರು. ಹಾಗಾಗಿ ಬಾಣಂತನಕ್ಕೆ ಬೋರಕ್ಕನೇ ಬಳ್ಳಾರಿಗೆ ಹೋಗಬೇಕು. ಮೂರು ತಿಂಗಳು.

"ಇವನನ್ನ ಯಾರ ಹತ್ರ ಬಿಟ್ಟು ಹೋಗ್ಲಿ?" ಅಂತ ಬೋರಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಕೂರದೆ ಏನು ಮಾಡ್ತಾಳೆ? ಹೋದ ವರ್ಷ ಎರಡು ದಿನ ನೆಂಟರ ಮನೆಗೆ ಹೋಗಿ ಬಂದಳು. ಬಂದು ನೋಡಿದರೆ ಮಗ ಕಟ್ಟೆಯ ಮೇಲೆ ಹಾಗೇ ಕೂತಿದ್ದ, ಒಳಗೆ ಮುದ್ದೆ ಒಣಗಿ ಕಲ್ಲಾಗಿತ್ತು.

"ಯಾಕ್ಲೇ ಉಣ್ಣಲಿಲ್ಲ?"

"ಯಾರೂ ಊಟಕ್ಕೆ ಕರೀಲಿಲ್ಲ."

ಅವ್ವ ಬಿಟ್ಟರೆ ಆ ಊರಲ್ಲಿ ಅವನನ್ನು ಕರೆಯುವವರು ಯಾರೂ ಇರಲಿಲ್ಲ. ನಗುವವರು ಬೇಕಾದಷ್ಟು ಜನ ಇದ್ದರು.

ಅದೇ ಬೀದಿಯಲ್ಲಿ ಷಫಿ ಅಂತ ಒಬ್ಬ ದರ್ಜಿ. ಅವನ ಅಂಗಡಿಯಲ್ಲಿ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಮೀನು. ಪಾಲಯ್ಯ ಅದರ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಷಫಿಯೇ ದಾರಿ ತೋರಿಸಿದ.

"ಬೋರಕ್ಕ, ಇವನಿಗೆ ಮೀಸೆಮೀನು ತರಿಸು. ಅವಕ್ಕೆ ಹಾಕುವಾಗ ತಾನೂ ಉಣ್ತಾನೆ. ಮನೇಲಿ ಜೀವ ಅಂತ ಇರುತ್ತೆ. ಹಳೇ ತೊಟ್ಟಿ ಒಂದು ಐತೆ, ನೀರು ಸಮೇತ ಕೊಡ್ತೀನಿ. ಮೀನು ಫೋನಿನಲ್ಲೇ ತರಿಸಿದ್ರಾಯ್ತು."

ಫೋನಿನಲ್ಲಿ ಚಿತ್ರ ತೋರಿಸಿದ. ಹೆಬ್ಬೆಟ್ಟಿನಷ್ಟು ಉದ್ದದ ಮೀನು, ಬಾಯಿ ಪಕ್ಕ ಪುಟ್ಟ ಮೀಸೆ. ತಳದಲ್ಲೇ ಓಡಾಡುತ್ತವಂತೆ, ಮೀಸೆಯಿಂದ ಮರಳು ತಡಕಿ ತಿನ್ನುತ್ತವಂತೆ.

"ಒಂದೆರಡು ತರಿಸಿದ್ರೆ ಆಗಲ್ಲ, ಆರು ಬೇಕು. ಇವು ಒಂಟಿಯಾಗಿ ಬದುಕಲ್ಲ" ಅಂದ ಷಫಿ.

"ನಾನು ಬದುಕ್ತೀನಾ?" ಅಂತ ಕೇಳಿದ ಪಾಲಯ್ಯ.

ಷಫಿ ಸೂಜಿಗೆ ದಾರ ಪೋಣಿಸತೊಡಗಿದ. ಬೋರಕ್ಕ ಸೆರಗು ಸರಿಮಾಡಿಕೊಂಡಳು.

ಮನೆಗೆ ಬಂದು ಅವಳು ಮಗನಿಗೆ ಕರಾರು ಹಾಕಿದಳು. "ನೋಡು, ಆರು ಮೀನು ಹದಿನೈದು ದಿನ ಬದುಕಿದ್ರೆ ನಾನು ಹೋಗ್ತೀನಿ. ಸತ್ರೆ ನಿನ್ನ ನಂಬಿ ಹೋಗಲ್ಲ. ನಿನ್ನ ತಂಗಿ ಒಬ್ಬಳೇ ನೋವು ತಿಂತಾಳೆ."

"ಬದುಕಿದ್ರೆ ಹೋಗ್ತೀಯಾ?"

"ಹೋಗ್ತೀನಿ."

"ಹೋದ್ರೆ ಬರ್ತೀಯಾ?"

"ಬರ್ತೀನಿ ಕಣಪ್ಪ."

"ಸರಿ. ಬದುಕಿಸ್ತೀನಿ."

ಬೇರೆ ಮಗನಾಗಿದ್ದರೆ ಅವ್ವ ಹೋಗದಿರಲಿ ಅಂತ ಮೀನನ್ನೇ ಸಾಯಲು ಬಿಡುತ್ತಿದ್ದನೋ ಏನೋ. ಪೆದ್ದನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು.

ಮಿಲ್ಲಿಗೆ ಹೊರಟ ಬೋರಕ್ಕ ಹೇಳಿದಳು, "ಪಾರ್ಸೆಲ್ ಬಂದ ಕೂಡಲೇ ತೊಟ್ಟಿ ನೀರಿಗೆ ಬಿಡು. ಕೈಯಲ್ಲಿ ಹಿಡ್ಕೊಂಡು ಕೂರಬೇಡ." ಪಾರ್ಸೆಲ್ ಬಂತು. ರಟ್ಟಿನ ಡಬ್ಬ. ಪಾಲಯ್ಯ ಡಬ್ಬ ಸಮೇತ ನೀರಿಗೆ ಬಿಟ್ಟ. ತೇಲಿತು, ಒತ್ತಿ ಹಿಡಿದ. ಸಂಜೆ ಬೋರಕ್ಕ ಬಂದಾಗ ತೊಟ್ಟಿಯಲ್ಲಿ ರಟ್ಟಿನ ಗಂಜಿ. ಅದರೊಳಗೆ ಇದ್ದದ್ದು ಮೀನಲ್ಲ, ಮೀನಿನ ಕಾಳು ಮತ್ತು ಗಾಳಿ ಹಾಕುವ ಮೋಟರು.

"ಅಯ್ಯೋ ಮಂಕೇ, ಡಬ್ಬ ಯಾರಾದ್ರೂ ನೀರಿಗೆ ಹಾಕ್ತಾರಾ? ಪಾರ್ಸೆಲ್ ಬಂದ್ರೆ ಬಿಚ್ಚಬೇಕು. ಒಳಗಿರೋದನ್ನ ಒಂದು ಹನಿ ನೀರೂ ಸೋಕದಂಗೆ ಅಟ್ಟದ ಮೇಲೆ ಎತ್ತಿಡಬೇಕು."

"ಆಗಲಿ ಅವ್ವ."

ತೊಟ್ಟಿ ತೊಳೆದರು, ಷಫಿ ಅಂಗಡಿಯಿಂದ ಮತ್ತೆ ನೀರು ಹೊತ್ತರು. ಎರಡು ದಿನ ಬಿಟ್ಟು ಇನ್ನೊಂದು ಪಾರ್ಸೆಲ್ ಬಂತು. ಪಾಲಯ್ಯ ಬಿಚ್ಚಿದ. ಒಳಗೆ ಗಾಳಿ ತುಂಬಿದ ಚೀಲ, ಚೀಲದಲ್ಲಿ ಆರು ಮೀನು. ಟವೆಲಿನಿಂದ ಚೀಲ ಒರೆಸಿದ, ಕಂಬಳಿಯಲ್ಲಿ ಸುತ್ತಿದ, ಅಟ್ಟದ ಮೇಲೆ ಇಟ್ಟ.

ಸಂಜೆ ಬೋರಕ್ಕ ಕೇಳಿದಳು, "ಮೀನು ಬಂದ್ವಾ?"

"ಬಂದ್ವು. ಅಟ್ಟದ ಮೇಲವೆ. ಒಂದು ಹನಿ ನೀರು ಸೋಕಿಲ್ಲ."

ಬೋರಕ್ಕ ಏಣಿ ಹತ್ತಿ ಚೀಲ ಇಳಿಸಿದಳು. ಹೆಂಚಿನ ಬಿಸಿಗೆ ನೀರು ಬೆಚ್ಚಗಾಗಿತ್ತು. ಆರೂ ಜೀವದಿಂದ ಇದ್ದವು. ಸದ್ಯ ಅಂದುಕೊಂಡು ಹಲ್ಲಿನಿಂದ ಚೀಲ ಕಚ್ಚಿ ಹರಿದು ತಣ್ಣಗಿನ ತೊಟ್ಟಿಗೆ ಒಮ್ಮೆಗೇ ಸುರಿದಳು. ಮುದ್ದೆ ತಿರುವಿ ಮುಗಿಸುವುದರೊಳಗೆ ಮೂರು ಮೀನು ಹೊಟ್ಟೆ ಮೇಲಾಗಿದ್ದವು.

ಷಫಿ ಬಂದು ನೋಡಿದ. "ಇದು ಅವನ ತಪ್ಪಲ್ಲ ಬೋರಕ್ಕ, ನಿಂದು. ಅವು ಬಂದ ನೀರೇ ಬೇರೆ, ಈ ನೀರೇ ಬೇರೆ. ದಿಢೀರಂತ ಹಾಕಿದ್ರೆ ಜೀವ ತಡಿಯಲ್ಲ. ಕಾಲು ಗಂಟೆ ಚೀಲನ ಹಂಗೇ ತೇಲಿಬಿಡಬೇಕು. ದೀಪ ಆರಿಸಬೇಕು. ಆಮೇಲೆ ಬಕೆಟ್ಟಿಗೆ ಬಿಟ್ಟು ಹತ್ತು ನಿಮಿಷಕ್ಕೊಂದು ಲೋಟ ತೊಟ್ಟಿ ನೀರು ಹಾಕಬೇಕು. ನಿಧಾನಕ್ಕೆ ನೀರು ಒಗ್ಗಬೇಕು. ಮೊದಲ ದಿನ ಊಟ ಹಾಕಬಾರದು."

ಅವ್ವನನ್ನು ಇನ್ನೊಬ್ಬರು ಬೈದದ್ದನ್ನು ಪಾಲಯ್ಯ ಅದೇ ಮೊದಲು ನೋಡಿದ್ದು. ಅವನಿಗೆ ಭಯವಾಯಿತು. ಸತ್ತ ಮೂರನ್ನು ಹಿತ್ತಲಲ್ಲಿ ಹೂತು ಬಂದು, ಉಳಿದ ಮೂರು ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತದ್ದನ್ನು ನೋಡುತ್ತ ಕೂತ. ಷಫಿ ಹೇಳಿದ್ದನ್ನು ನೂರು ಸಲ ಬಾಯಿಪಾಠ ಮಾಡಿದ.

ಮತ್ತೆ ಮೂರು ತರಿಸಿದರು. ಬೆಳಗ್ಗೆಯೇ ಬಂದವು. ಕಾಲು ಗಂಟೆ ತೇಲಿಬಿಟ್ಟ, ಸರಿ. ದೀಪ ಆರಿಸಿದ, ಸರಿ. ಬಕೆಟ್ಟಿಗೆ ಬಿಟ್ಟ, ಹತ್ತು ನಿಮಿಷಕ್ಕೊಂದು ಲೋಟ ತೊಟ್ಟಿ ನೀರು ಹಾಕಿದ, ಅದೂ ಸರಿ. ಹಾಕಿದ, ಹಾಕಿದ, ಹಾಕುತ್ತಲೇ ಇದ್ದ. ಮಧ್ಯಾಹ್ನಕ್ಕೆ ಬಕೆಟ್ಟು ತುಂಬಿತು. ಆಮೇಲೆ ನೆಲ ತುಂಬಿತು. ಬೋರಕ್ಕ ಬಂದಾಗ ಹಳೇ ಮೂರು ಮೀನು ತೊಟ್ಟಿಯಲ್ಲಿ ಬೆನ್ನು ಮುಳುಗದಷ್ಟು ನೀರಲ್ಲಿ ಹೊರಳುತ್ತಿದ್ದವು, ಹೊಸ ಮೂರು ಬಕೆಟ್ಟಿನಲ್ಲಿ. ಮಗ ಪಾದ ಮುಳುಗುವ ನೀರಲ್ಲಿ ಲೋಟ ಹಿಡಿದು ನಿಂತಿದ್ದ.

"ಯಾವಾಗ ನಿಲ್ಲಿಸೋದು ಅಂತ ಯಾರೂ ಹೇಳ್ಲಿಲ್ಲ ಅವ್ವ."

"ಒಂದು ಗಂಟೆ ಕಣೋ, ನಿನ್ನ ಮನೆ ಕಾಯ್ವಾಗ! ಒಂದು ಗಂಟೆ ಆದಮೇಲೆ ಬಲೆಯಲ್ಲಿ ಎತ್ತಿ ಒಳಗೆ ಬಿಡಬೇಕು. ಬಂದ ಚೀಲದ್ದನ್ನೆಲ್ಲ ಬೀದಿಗೆ ಚೆಲ್ಲಬೇಕು. ಅಲ್ಲಿಂದು ಏನೂ ಒಳಗೆ ಬರಬಾರದು. ತಿಳೀತಾ?"

"ತಿಳೀತು."

ಆರೂ ಬದುಕಿದವು. ಹದಿನೈದು ದಿನ ಕಳೆಯಿತು. ಬೋರಕ್ಕ ಸೀರೆ ಮಡಿಸಿ ಬ್ಯಾಗಿಗೆ ಹಾಕಿದಳು. "ಮೀನು ಉಣ್ಣುವಷ್ಟು ಹೊತ್ತು ನೀನೂ ಉಣ್ಣು, ಮರೀಬೇಡ" ಅಂದಳು. ಬಸ್ಸು ಹೋಯಿತು. ಪಾಲಯ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಇದ್ದ. ಮನೆಗೆ ಹೋಗು ಅಂತ ಅವಳು ಹೇಳಿರಲಿಲ್ಲ. ಷಫಿ ಹೋಗಿ ಕರೆದುಕೊಂಡು ಬಂದ.

ಒಂದು ವಾರದಲ್ಲಿ ಪಾಲಯ್ಯ ಸೊರಗಿದ. ಷಫಿ ಬಂದು ನೋಡಿದರೆ ಮೀನು ಎರಡು ನಿಮಿಷ ಉಣ್ಣುತ್ತಿದ್ದವು, ಪಾಲಯ್ಯನೂ ಎರಡು ನಿಮಿಷ ಉಂಡು ತಟ್ಟೆ ಎತ್ತುತ್ತಿದ್ದ.

"ಅಲ್ಲಪ್ಪ, ಮೀನಿಗೆ ಎರಡು ನಿಮಿಷ. ನಿನಗೆ ಹೊಟ್ಟೆ ತುಂಬೋ ತನಕ."

ಅಲ್ಲಿಂದ ಸರಿಹೋಯಿತು. ಊಟ ಸರಿಹೋಯಿತು ಅಂದೆ, ಮಿಕ್ಕಿದ್ದು ಸರಿಹೋಗಲಿಲ್ಲ. ಬೆಳಗ್ಗೆ ಎದ್ದು ತೊಟ್ಟಿ ಮುಂದೆ ಕೂರುವನು. "ಎದ್ರಾ? ಕಾಫಿ ಆಯ್ತಾ?" ಅಂತ ತಾನೇ ಕೇಳುವನು, "ಆಯ್ತು" ಅಂತ ತಾನೇ ಹೇಳುವನು. ಆರು ಮೀನು ಒಟ್ಟಿಗೆ ಹೋಗುವವು, ಒಟ್ಟಿಗೆ ಬರುವವು. ಒಂದು ಹಿಂದೆ ಉಳಿದರೆ ಐದೂ ನಿಂತು ಕಾಯುವವು. ಪಾಲಯ್ಯ ಗಾಜಿಗೆ ಹಣೆ ಒತ್ತಿ ಎಣಿಸುವನು, ಆರು. ತನ್ನನ್ನೂ ಸೇರಿಸಿ ಎಣಿಸುವನು, ಏಳು. ಕೂಗಿ ಕರೆಯಲು ಒಂದು ದನಿ ಇಲ್ಲದ ಮನೆ ಎಷ್ಟು ದೊಡ್ಡದು ಅಂತ ಆ ಪೆದ್ದನಿಗೂ ತಿಳಿಯಿತು.

ಹೆಣ್ಣು ಮಗು ಹುಟ್ಟಿತು. ಎರಡನೇ ತಿಂಗಳು ಬೋರಕ್ಕ ಷಫಿಯ ಫೋನಿಗೆ ಫೋನು ಮಾಡಿ ಮಗನನ್ನು ಕರೆಸಿ ಹೇಳಿದಳು, "ಮೊದಮೊದಲು ನೀರು ಬದಲಾಗಿ ಕೆಮ್ಮು, ಜ್ವರ, ಎದ್ದೇಳೋಕೆ ಆಗ್ಲಿಲ್ಲ. ಈಗ ಇಲ್ಲಿನ ನೀರು ಒಗ್ಗಿದೆ ಕಣಪ್ಪ."

ಪಾಲಯ್ಯ ಫೋನು ವಾಪಸು ಕೊಟ್ಟ. ಮುಖ ಬಿಳಿಚಿಕೊಂಡಿತ್ತು. "ಅವ್ವಂಗೆ ಅಲ್ಲಿನ ನೀರು ಒಗ್ಗಿಬಿಟ್ಟಿದೆ" ಅಂದ.

"ಒಳ್ಳೇದಾಯ್ತಲ್ಲ" ಅಂದ ಷಫಿ.

ಪಾಲಯ್ಯ ಹಿತ್ತಲಿಗೆ ಹೋಗಿ ಆ ಮೂರು ಮೀನು ಹೂತ ಜಾಗದಲ್ಲಿ ಬಹಳ ಹೊತ್ತು ನಿಂತ.

ಮೂರು ತಿಂಗಳಾಯಿತು. ಒಂದು ಮಧ್ಯಾಹ್ನ ಬೋರಕ್ಕ ಬಸ್ಸಿಳಿದು, ಬ್ಯಾಗು ಹೊತ್ತು, ಬಿಸಿಲಲ್ಲಿ ನಡೆದು ಮನೆ ಮುಂದೆ ಬಂದಳು. ಮಗ ಬಾಗಿಲಿಗೆ ಅಡ್ಡ ನಿಂತ. ಕಣ್ಣಲ್ಲಿ ನೀರು ಸುರಿಯುತ್ತಿದೆ, ಆದರೆ ಜಾಗ ಬಿಡಲೊಲ್ಲ.

"ಸರಿ ಅತ್ಲಾಗೆ. ಒಳಗೆ ಹೋಗಿ ನೀರು ಕುಡೀತೀನಿ."

"ಬ್ಯಾಡವ್ವ. ದಿಢೀರಂತ ಬರಬ್ಯಾಡ. ಕಟ್ಟೆ ಮೇಲೆ ಕೂರು, ಕಾಲು ಗಂಟೆ."

"ಏನ್ಲೇ ಇದು?"

"ಕೂರವ್ವ, ನಿನ್ನ ಕಾಲಿಗೆ ಬೀಳ್ತೀನಿ."

ದಣಿದಿದ್ದಳು, ಕೂತಳು. ಪಾಲಯ್ಯ ಒಳಗೆ ಹೋಗಿ ದೀಪ ಆರಿಸಿದ, ಕಿಟಕಿ ಮುಚ್ಚಿದ. ಕಾಲು ಗಂಟೆ ಆದಮೇಲೆ ಮನೆಯ ಕೊಡದಿಂದ ಒಂದು ಲೋಟ ನೀರು ತಂದು ಅವಳ ಪಾದಕ್ಕೆ ಹಾಕಿದ. ಹತ್ತು ನಿಮಿಷ ಬಿಟ್ಟು ಇನ್ನೊಂದು. ಮತ್ತೆ ಹತ್ತು ನಿಮಿಷ, ಮತ್ತೊಂದು. ಬೀದಿಯವರು ಸೇರಿದರು, ನಕ್ಕರು.

"ಹಸಿವಾಗ್ತಿದೆ ಕಣೋ" ಅಂದಳು ಬೋರಕ್ಕ.

"ಮೊದಲ ದಿನ ಊಟ ಇಲ್ಲ."

ಆಮೇಲೆ ಅವಳ ಬ್ಯಾಗು ತೆಗೆದು ಬೀದಿಗೆ ಬೋರಲು ಹಾಕಿದ. ಅಳಿಯ ಕೊಟ್ಟ ಸೀರೆ, ಮಗುವಿನ ಹಳೇ ಅಂಗಿ, ಪಾಲಯ್ಯನಿಗೆ ಅಂತ ತಂದ ಚಕ್ಕುಲಿ, ಎಲ್ಲ ಮಣ್ಣಿಗೆ ಬಿತ್ತು. ಬೋರಕ್ಕ ಧಡಕ್ಕನೆ ಎದ್ದಳು. ಬೈಯಲು ಬಾಯಿ ತೆರೆದಳು.

"ಅಲ್ಲಿಂದು ಏನೂ ಒಳಗೆ ಬರಬಾರದವ್ವ" ಅಂದ ಪಾಲಯ್ಯ. "ನೀನು ಮಾತ್ರ ಬಾ. ನಿನಗೆ ಅಲ್ಲಿನ ನೀರು ಒಗ್ಗಿದೆ. ಒಮ್ಮೆಗೇ ಬಂದ್ರೆ ನೀನೂ ಅವುಗಳಂಗೆ..." ಹಿತ್ತಲ ಕಡೆ ಕೈ ತೋರಿಸಿದ.

ಬೋರಕ್ಕ ತೆರೆದ ಬಾಯಿ ಮುಚ್ಚಿದಳು. ಮತ್ತೆ ಕಟ್ಟೆಯ ಮೇಲೆ ಕೂತಳು, ಒದ್ದೆ ಪಾದ ಜೋಡಿಸಿಕೊಂಡು.

ಪಾಲಯ್ಯ ಒಳಗೆ ಓಡಿ ಬಲೆಯ ಬದಲು ಸೊಳ್ಳೆಪರದೆ ಕಿತ್ತು ತಂದ. ಅವ್ವನ ತಲೆಯಿಂದ ಕಾಲಿನವರೆಗೆ ಸುತ್ತಿದ, ನಾಲ್ಕು ತುದಿ ಒಟ್ಟಿಗೆ ಹಿಡಿದ. ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಪರದೆಯೊಳಗಿಂದ ಬೋರಕ್ಕ ಕೇಳಿದಳು, "ಗಂಟೆ ಆಯ್ತೇನಪ್ಪ?"

"ಇನ್ನು ಐದು ನಿಮಿಷ ಐತೆ."

"ಹಂಗಾದ್ರೆ ಕಾಯೋಣ" ಅಂದಳು.