ಓಡಿಹೋಗುತ್ತಿದ್ದ ನಕ್ಷತ್ರ

ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿನ ಗುರು ನೀಲಾಂಬಿಕೆ. ಎಲ್ಲರೂ ಅವರನ್ನು ಅಕ್ಕನವರು ಎನ್ನುತ್ತಿದ್ದರು. ಆಕಾಶ ನೋಡುವುದನ್ನೇ ಅವರು ಧ್ಯಾನವೆಂದು ಕಲಿಸುತ್ತಿದ್ದರು.

ಶಿಷ್ಯ ಕೊಟ್ರಯ್ಯ ಗುರುವಿಗಿಂತ ಹನ್ನೊಂದು ವರ್ಷ ದೊಡ್ಡವರು. ಮೂವತ್ತೊಂದು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದು, ನಿವೃತ್ತಿಯಾದ ಮೇಲೆ ಬಂದು ಸೇರಿದವರು.

ಆ ತಿಂಗಳು ಪಶ್ಚಿಮದಲ್ಲಿ ಒಂದು ಧೂಮಕೇತು ಕಾಣುತ್ತಿತ್ತು. ಅಕ್ಕನವರು ಹತ್ತೊಂಬತ್ತು ಸಂಜೆ ಬಿಡದೆ ಅದರ ಚಿತ್ರ ತೆಗೆದಿದ್ದರು. ಇಪ್ಪತ್ತನೆಯ ಸಂಜೆಯೇ ಕೊನೆಯದು. ಮಾರನೆಯ ದಿನದಿಂದ ಅದು ಕಾಣುವಂತಿರಲಿಲ್ಲ.

ಅಂದೇ ಇಲಿ ಕೇಬಲ್ ಕಡಿದುಹಾಕಿತ್ತು.

ದೂರದರ್ಶಕವನ್ನು ಹೊತ್ತು ನಕ್ಷತ್ರದ ಜೊತೆಗೇ ತಿರುಗುವ ಯಂತ್ರಕ್ಕೆ ಮೌಂಟ್ ಎನ್ನುತ್ತಾರೆ. ಪಕ್ಕದಲ್ಲಿ ಒಂದು ಪುಟ್ಟ ಕ್ಯಾಮೆರಾ ಒಂದೇ ನಕ್ಷತ್ರವನ್ನು ಕಾಯುತ್ತಿರುತ್ತದೆ. ಅದು ಕೂದಲೆಳೆಯಷ್ಟು ಸರಿದರೂ, ಈ ಕೇಬಲ್ಲಿನ ಮೂಲಕ ಮೌಂಟಿಗೆ ಹೇಳುತ್ತದೆ: ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ.

"ಇದು ನಮ್ಮ ಫೋನ್ ವೈರಿನ ಥರಾನೇ ಇದೆ," ಎಂದರು ಕೊಟ್ರಯ್ಯ. "ಸಂಜೆಯೊಳಗೆ ಹೊಸದು ಮಾಡಿಕೊಡ್ತೀನಿ."

"ಹಳೆಯದರ ಎರಡೂ ತುದಿ ಒಮ್ಮೆ ನೋಡಿಕೊಳ್ಳಿ," ಎಂದರು ಅಕ್ಕನವರು.

"ಸಾವಿರಾರು ವೈರು ಜೋಡಿಸಿದ ಕೈ ಅಕ್ಕಾವ್ರೇ ಇದು."

ಕೊಟ್ರಯ್ಯ ನೋಡಲಿಲ್ಲ.

ಸೂರ್ಯ ಮುಳುಗಿದ. ಕೊಟ್ರಯ್ಯ ಹೊಸ ಕೇಬಲ್ಲಿನ ಒಂದು ತುದಿಯನ್ನು ಜೋಡಣೆಯ ಅಡಾಪ್ಟರ್ ಮೂಲಕ ಕ್ಯಾಮೆರಾಕ್ಕೂ, ಇನ್ನೊಂದನ್ನು ಮೌಂಟಿಗೂ ಸಿಕ್ಕಿಸಿದರು. ಕಾಯಬೇಕಾದ ನಕ್ಷತ್ರ ಲ್ಯಾಪ್‌ಟಾಪಿನ ತೆರೆಯ ನಡುವೆ ಕಾಣಿಸಿತು. ಮರುಕ್ಷಣವೇ ಅಂಚಿನತ್ತ ಸರಿಯತೊಡಗಿತು. ನೋಡನೋಡುತ್ತಿದ್ದಂತೆ ತೆರೆಯಿಂದಾಚೆ ಹೋಯಿತು.

"ಅಡಾಪ್ಟರೇ ಸರಿಯಿಲ್ಲ," ಎಂದು ಅದನ್ನು ಬದಲಾಯಿಸಿದರು. ನಕ್ಷತ್ರ ಮತ್ತೆ ಓಡಿಹೋಯಿತು.

ಕೊಟ್ರಯ್ಯ ಮೌಂಟಿನತ್ತ ನೋಡಿದರು. ಆಶ್ರಮಕ್ಕೆ ಇದ್ದದ್ದು ಅದೊಂದೇ ಮೌಂಟ್.

"ಅಕ್ಕಾವ್ರೇ, ಒಳಗೆ ಸುಟ್ಟುಹೋಗಿದೆ. ನಾನೇ ಸುಟ್ಟೆ. ನಿಮ್ಮ ಮಾತು ಕೇಳಲಿಲ್ಲ. ನಾಳೆ ಬೆಳಿಗ್ಗೆ ನಾನು ಊರಿಗೆ ಹೊರಡ್ತೀನಿ."

"ಸುಟ್ಟ ವಾಸನೆ ಬಂತೇ?"

"ಇಲ್ಲ."

"ಕೇಬಲ್ ಕಿತ್ತು ನೋಡಿದಿರಾ?"

ಅದನ್ನೂ ನೋಡಿರಲಿಲ್ಲ. ಕೊಟ್ರಯ್ಯ ಈಗ ಕಿತ್ತರು. ಅಕ್ಕನವರು ಗುಂಡಿ ಒತ್ತಿ ನಕ್ಷತ್ರವನ್ನು ಮತ್ತೆ ನಡುವಿಗೆ ತಂದರು.

ನಕ್ಷತ್ರ ಇದ್ದಲ್ಲೇ ಇತ್ತು. ಒಂದು ನಿಮಿಷ ಕಳೆಯಿತು. ಆಗಲೂ ಹೆಚ್ಚುಕಡಿಮೆ ಅಲ್ಲೇ ಇತ್ತು.

ಕೊಟ್ರಯ್ಯ ಅಲ್ಲೇ ನೆಲದ ಮೇಲೆ ಕೂತರು. "ಸುಟ್ಟಿಲ್ಲ," ಎಂದರು, ತಮಗೆ ತಾವೇ. "ಸುಟ್ಟಿಲ್ಲ."

ಅಕ್ಕನವರು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತರು. "ಎರಡೂ ತುದಿ ಜೋಡಿಸಿ ಹಿಡಿಯಿರಿ. ಎಡದಿಂದ ಬಣ್ಣ ಹೇಳಿ."

"ಈ ತುದೀಲಿ ಬಿಳಿ, ಕಪ್ಪು, ಕೆಂಪು, ಹಸಿರು, ಹಳದಿ, ನೀಲಿ."

"ಆ ತುದಿಯಲ್ಲಿ?"

"ನೀಲಿ, ಹಳದಿ..." ಕೊಟ್ರಯ್ಯ ಅಲ್ಲಿಗೇ ನಿಲ್ಲಿಸಿದರು. "ಫೋನಿಗೆ ಹೀಗೇ ಉಲ್ಟಾ ಹಾಕಬೇಕು ಅಕ್ಕಾವ್ರೇ. ಕೈ ತಾನಾಗೇ ಹಾಕಿಬಿಟ್ಟಿದೆ."

"ಇದಕ್ಕೆ?"

ಕೊಟ್ರಯ್ಯ ಎದ್ದು ಹೋಗಿ ಇಲಿ ಕಡಿದ ಕೇಬಲ್ ತಂದರು. ತುದಿಗಳನ್ನು ಬೆಳಕಿಗೆ ಹಿಡಿದರು. ಎರಡೂ ಕಡೆ ಬಣ್ಣಗಳು ಒಂದೇ ಸಾಲಿನಲ್ಲಿದ್ದವು.

"ನೇರ," ಎಂದರು ಮೆಲ್ಲಗೆ. "ಉಲ್ಟಾ ವೈರಲ್ಲಿ ಮೌಂಟಿಗೆ ತಪ್ಪು ಮಾತು ಹೋಗಿದೆ."

ಧೂಮಕೇತು ಗುಡ್ಡದ ಮೇಲೆ ಇನ್ನೂ ಒಂದು ಗೇಣು ಎತ್ತರದಲ್ಲಿತ್ತು. ಕೊಟ್ರಯ್ಯ ಒಂದು ತುದಿ ಕತ್ತರಿಸಿದರು, ತಂತಿಗಳನ್ನು ಬಿಡಿಸಿದರು, ಒಂದೊಂದೇ ಬಣ್ಣವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತ ಹೊಸ ಪಿನ್ನಿಗೆ ಸೇರಿಸಿ ಒತ್ತಿದರು. ಈ ಸಲ ಮೌಂಟಿನ ಕರೆಂಟು ಆರಿಸಿಯೇ ಸಿಕ್ಕಿಸಿದರು.

ಮೌಂಟ್ ನಾಲ್ಕೂ ದಿಕ್ಕಿಗೆ ಒಂದಿಷ್ಟು ಸರಿದು ತನ್ನನ್ನು ತಾನೇ ಪರೀಕ್ಷಿಸಿಕೊಂಡಿತು. ನಕ್ಷತ್ರ ನಡುವೆ ಬಂದು ನಿಂತಿತು.

ಹತ್ತು ನಿಮಿಷದ ಮೇಲೆ ಚಿತ್ರ ಮೂಡಿತು. ಧೂಮಕೇತುವಿನ ಬಾಲ ತೆಳ್ಳಗೆ ಮೇಲಕ್ಕೆ ಚಾಚಿತ್ತು. ಅಷ್ಟರಲ್ಲಿ ಆಕಾಶದಲ್ಲಿ ಅದು ಗುಡ್ಡಕ್ಕೆ ತಾಗುತ್ತಿತ್ತು.

ಕೊಟ್ರಯ್ಯ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಕೈ ಮುಗಿದರು.

"ಇನ್ನು ಮೇಲೆ ಇಂಥ ತಪ್ಪು ಆಗದ ಹಾಗೆ ಆಶೀರ್ವಾದ ಮಾಡಿ ಅಕ್ಕಾವ್ರೇ."

ತೆರೆಯ ಕೆಳಗೆ ಒಂದು ಗೆರೆ ಮೇಲೆ ಕೆಳಗೆ ಕುಣಿಯುತ್ತ ಸಾಗಿತ್ತು. ಅಕ್ಕನವರು ಅದರ ಮೇಲೆ ಬೆರಳಿಟ್ಟರು.

"ಇದು ಮೌಂಟ್ ತಪ್ಪಿದ ಲೆಕ್ಕ, ಕೊಟ್ರಯ್ಯನವರೇ. ಎರಡೆರಡು ಸೆಕೆಂಡಿಗೆ ಒಂದು ಸಲ ತಪ್ಪಿದೆ, ತಿದ್ದಿಕೊಂಡಿದೆ. ಚಿತ್ರ ನೋಡಿ, ಎಷ್ಟು ಚೆನ್ನಾಗಿ ಬಂದಿದೆ."